ಕಿಟಕಿಯಂಚಿನಲ್ಲಿ ಉಳಿದ ನಟ್ಟು

ಇಲ್ಲ, ಆ ಗುಂಯ್ ಎನ್ನುವ ಸದ್ದು ಇಲ್ಲವೇ ಇಲ್ಲ, ಗೇಟು ಹಿಡಿದು ನಿಂತು ತಿರುವಿನವರೆಗೂ ಕಿವಿಗೊಟ್ಟು ಕೇಳಿದೆ, ಇಂಜಿನ್ನಿನ ಗುರುಗುರು ಒಂದೇ, ಅದರ ಬೆನ್ನ ಹಿಂದೆ ಇಷ್ಟು ದಿನ ಪ್ರಾಣ ತಿಂದ ಆ ಗುಂಯ್ ಸತ್ತೇಹೋಗಿದೆ, ಕೊಂದವಳು ನಾನೇ, ಕಾರಿನ ಹಿಂದಿನ ಚಕ್ರದ ಹಳೇ ಬೇರಿಂಗನ್ನು ಎಳೆದು ಹಾಕಿ ಹೊಸದನ್ನು ಕೂರಿಸಿದವಳು ಇದೇ ಎರಡು ಕೈಯಲ್ಲಿ — ತಿರುವಿನಲ್ಲಿ ಹಳದಿ ಇಂಡಿಕೇಟರ್ ಮಿಣುಕಿತು, ಮಿಣುಕದೆ ಇರುತ್ತದೆಯೇ, ಹಿಂದೆ ಮುಂದೆ ನರಪಿಳ್ಳೆ ಇಲ್ಲದ ರಸ್ತೆಯಲ್ಲೂ, ನಮ್ಮದೇ ಗೇಟಿನೊಳಕ್ಕೆ ತಿರುಗುವಾಗಲೂ, ಬದಿಗೆ ಎಳೆದು ನಿಲ್ಲಿಸುವಾಗಲೂ ಇಂಡಿಕೇಟರ್ ಹಾಕದೆ ಸ್ಟೇರಿಂಗ್ ಮುಟ್ಟದ ಪುಣ್ಯಾತ್ಮ ನನ್ನ ಗಂಡ, ಬಸ್ ಡ್ರೈವರ್, ಡಿಪೋದಲ್ಲಿ ಎಲ್ಲರ ಬಾಯಲ್ಲೂ ನಿಧಾನಪ್ಪ, ಹಗಲೆಲ್ಲ ಅಷ್ಟುದ್ದದ ಬಸ್ಸನ್ನು ತುಂಬಿದ ಕೊಡ ಹೊತ್ತವರ ಹಾಗೆ ನಡೆಸುವವರಿಗೆ ಈ ವಯಸ್ಸಿನಲ್ಲಿ ಸ್ಪೋರ್ಟ್ಸ್ ಕಾರಿನ ಹುಚ್ಚು, ಯಾರೋ ಓಡಿಸಿ ಬಿಟ್ಟದ್ದು, ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಕೆಂಪು, ನೆಲಕ್ಕೆ ಅಂಟಿಕೊಂಡಂಥದ್ದು, ಅದು ಮನೆಗೆ ಬಂದ ದಿನ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಒಂದು ಸುತ್ತು ಬಂದರು, ಎಲ್ಲ ಬಿಟ್ಟ ಮಗ ಭಂಗಿ ನೆಟ್ಟನಂತೆ, ಏನೋ ಇದು, ಗಾಡಿಯೋ ಚಪ್ಪಲಿಯೋ, ಒಳಗೆ ಕೂರ್ಬೇಕೋ ಕಾಲು ತೂರಿಸ್ಬೇಕೋ — ಅಂದವರು ಇವತ್ತು ಮೊದಲ ಸಲ ಆ ಚಪ್ಪಲಿಯೊಳಗೆ ಕೂತು ಹೋದರು, ತಲೆಗೆ ಬಟ್ಟೆ ಕಟ್ಟಿಕೊಂಡು, ತೊಡೆಯ ಮೇಲೆ ಕೈಚೀಲ, ಬೆಟ್ಟ ಇಳಿದರೆ ಆಚೆಗಿರುವ ತಂಗಿಯ ಮನೆಗೆ, ನಾನು ಬಿಚ್ಚಿ ಕೂರಿಸಿದ ಚಕ್ರ ಅವರ ಬದಿಯದೇ, ಅವರ ಬೆನ್ನ ಹಿಂದೆಯೇ. ಮೂರನೆಯವಳಿಗೆ ಜಾಗವಿಲ್ಲ, ಒಳ್ಳೆಯದೇ ಆಯಿತು, ಇವತ್ತು ನನಗೆ ರಜೆ, ಮನೆ ನನ್ನೊಬ್ಬಳದು, ಟೀ ಕುಡಿದು ಕಾಲು ಚಾಚಿ ಮಲಗಬಹುದು, ನಿನ್ನೆ ಇಡೀ ದಿನ ಸಿಮೆಂಟಿನ ನೆಲದ ಮೇಲೆ ಬಿದ್ದುಕೊಂಡು ಬೆನ್ನು ಹಲಗೆಯಾಗಿದೆ, ಒಲೆಯ ಮೇಲೆ ನೀರಿಟ್ಟು, ಚಮಚಕ್ಕೆ ಕಿಟಕಿಯ ಕಡೆ ಕೈ ಚಾಚಿದರೆ ಚಮಚಗಳ ಪಕ್ಕದಲ್ಲಿ ಒಂದು ನಟ್ಟು. ಚಕ್ರದ ನಡುವಿನ ಆಕ್ಸಲಿನ ತುದಿಗೆ ಬಿಗಿಯುವ ದಪ್ಪದ ನಟ್ಟು. ಓ, ಹಳೆಯದು, ಎಸೆಯಬೇಕಾದದ್ದು, ಅತ್ತೆಗೆ ಏನನ್ನೂ ಎಸೆಯಲು ಮನಸ್ಸು ಬಾರದು. ಆದರೆ ಹಳೆಯದು ಇಷ್ಟು ಹೊಳೆಯುತ್ತದೆಯೇ.

ಹೊಳೆಯುವುದಿಲ್ಲ, ಹಳೆಯದು ಕಂದುಬಣ್ಣಕ್ಕೆ ತಿರುಗಿತ್ತು, ಅಂಚಿಗೆಲ್ಲ ತುಕ್ಕು, ಅದನ್ನು ಬಿಚ್ಚುವುದಕ್ಕೆ ನಿನ್ನೆ ಪಟ್ಟ ಪಾಡು ನನಗೆ ಗೊತ್ತು, ಪಾನಾದ ಹಿಡಿಗೆ ಉದ್ದನೆಯ ಪೈಪು ತೂರಿಸಿ ಅದರ ಮೇಲೆ ನಾನೇ ಹತ್ತಿ ನಿಂತೆ, ಅತ್ತೆ ಕಾರಿನೊಳಗೆ ಕೂತು ಚಕ್ರ ತಿರುಗದ ಹಾಗೆ ಬ್ರೇಕು ಒತ್ತಿ ಹಿಡಿಯಬೇಕಿತ್ತು, ಗಟ್ಟಿಯಾಗಿ ಒತ್ತಿ ಅತ್ತೆ, ಒತ್ತಿದೀನಮ್ಮಾ, ಇನ್ನೂ ಎಷ್ಟು ಒತ್ಲಿ, ಕಾಲು ನೆಲ ತೂತು ಮಾಡ್ಕೊಂಡು ಆಚೆ ಬರುತ್ತೆ ಈಗ, ಇಬ್ಬರೂ ನಗುತ್ತಾ, ನಗುತ್ತಲೇ ಆ ನಟ್ಟು ಕಿರ್ರೋ ಎಂದು ಬಿಟ್ಟುಕೊಂಡದ್ದು, ಗಂಡ ಎನಿಸಿಕೊಂಡವರು ಆಗ ಡ್ಯೂಟಿಯಲ್ಲಿ, ಓಡ್ಸೋದು ನನ್ನ ಕೆಲಸ ಬಿಚ್ಚೋದು ನಿನ್ನ ಕೆಲಸ ಕಣೇ, ನಾನು ಬಿಚ್ಚಿದ್ರೆ ವಾಪಸ್ ಸೇರಲ್ಲ, ಮದುವೆಯಾದಾಗಿನಿಂದ ಈ ಮನೆಯ ಮಿಕ್ಸಿ, ಸೈಕಲ್ಲು, ನಲ್ಲಿ, ಎಲ್ಲ ಬಿಚ್ಚಿದವಳು ನಾನೇ. ಹಾಗಾದರೆ ಇದು ಯಾಕೆ ಹೊಳೆಯುತ್ತಿದೆ. ಎತ್ತಿಕೊಂಡೆ, ಭಾರ, ತಣ್ಣಗೆ, ಮೂಗಿನ ಹತ್ತಿರ ತಂದರೆ ಪಾತ್ರೆ ಸೋಪಿನ ವಾಸನೆ. ಸೋಪು. ಅತ್ತೆ ಇದನ್ನು ತೊಳೆದಿದ್ದಾರೆ, ಉಕ್ಕಿನ ನಾರಿನಿಂದ ತಿಕ್ಕಿ ತುಕ್ಕು ಬಿಡಿಸಿದ್ದಾರೆ, ಅವರು ತಿಕ್ಕಿದರೆ ಕರಿ ಹಿಡಿದ ಬಾಣಲೆಯೂ ಕನ್ನಡಿಯಾಗುತ್ತದೆ, ಒಂದನ್ನು ತಿಕ್ಕಿದವರು ಇನ್ನೊಂದನ್ನು ಬಿಟ್ಟಿರುತ್ತಾರೆಯೇ, ಎರಡನ್ನೂ ತಿಕ್ಕಿದ್ದಾರೆ, ಹಳೆಯದನ್ನೂ ಹೊಸದನ್ನೂ, ತಿಕ್ಕಿದ ಮೇಲೆ ಹಳೆಯದು ಯಾವುದು ಹೊಸದು ಯಾವುದು, ಹಾಗಾದರೆ ಚಕ್ರದಲ್ಲಿರುವುದು ಯಾವುದು, ಬಿಗಿದದ್ದು ಯಾವುದನ್ನು — ಒಲೆಯ ಮೇಲೆ ನೀರು ಕುದಿಯುತ್ತಿದೆ, ಕುದಿಯಲಿ.

ಸ್ಪೇರ್ ಪಾರ್ಟ್ಸ್ ಅಂಗಡಿಯವರು ಬೇರಿಂಗಿನ ಡಬ್ಬಿಯ ಜೊತೆ ಆ ಹೊಸ ನಟ್ಟನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು, ಮೇಡಂ ಇದನ್ನ ಮರೀಬೇಡಿ, ಇದು ಒಂದೇ ಸಲದ ನಟ್ಟು, ಹಳೇದನ್ನ ಬಿಚ್ಚಿದ್ರೆ ಕಣ್ಮುಚ್ಚಿ ಎಸೀರಿ, ಹಳೇದನ್ನೇ ಹಾಕಿದ್ರೆ ಮೊದ್ಲು ಏನೂ ಗೊತ್ತಾಗಲ್ಲ, ಚೆನ್ನಾಗೇ ಬಿಗಿಯಾಗುತ್ತೆ, ಆಮೇಲೆ ತಿರುವುಗಳಲ್ಲಿ, ಇಳಿಜಾರಲ್ಲಿ, ಮೆಲ್ಲಗೆ ಸಡಿಲ ಆಗ್ತಾ ಹೋಗುತ್ತೆ, ಟಿಕ್ ಟಿಕ್ ಅಂತ ಶುರುವಾಗುತ್ತೆ, ಟಿಕ್ ಅಂದ್ರೆ ಅಲ್ಲೇ ನಿಲ್ಲಿಸ್ಬೇಕು, ಇಲ್ಲಾಂದ್ರೆ ಚಕ್ರ ನಿಮಗಿಂತ ಮುಂದೆ ಹೋಗುತ್ತೆ ಅಂತ ನಕ್ಕರು, ಅದಕ್ಕೆ ನಾನೂ ನಕ್ಕೆ, ನಕ್ಕೆನಲ್ಲ ಮಹಾತಾಯಿ. ಇನ್ನೂ ಏನೋ ಹೇಳಿದರು, ಬಾಯಿ ಅಂತ ಏನೋ, ಅಷ್ಟರಲ್ಲಿ ಹಿಂದಿದ್ದ ಗಿರಾಕಿ ಆತುರ ಮಾಡಿದ, ನಾನೂ ಆತುರದಲ್ಲಿದ್ದೆ, ಆತುರಗಾರನಿಗೆ ಬುದ್ಧಿ ಮಟ್ಟ. ಇವತ್ತಿನ ದಾರಿಯಲ್ಲಿ ಇರುವುದೇ ತಿರುವು ಮತ್ತು ಇಳಿಜಾರು, ಬೆಟ್ಟದ ನೆತ್ತಿಯವರೆಗೆ ಏರು, ಅಲ್ಲಿಂದ ಆಚೆಗೆ ಬರೀ ಇಳುಕಲು, ಒಂದು ಬದಿ ಕಲ್ಲಿನ ಗೋಡೆ, ಇನ್ನೊಂದು ಬದಿ ಏನೂ ಇಲ್ಲ. ಫೋನು ಎಲ್ಲಿ. ಫೋನು ಎದುರಿಗೇ ಮೇಜಿನ ಮೇಲಿದೆ, ಕಣ್ಣಿಗೆ ಕಾಣುತ್ತಿಲ್ಲ, ಆಪರೇಷನ್ ಥಿಯೇಟರಿನಲ್ಲಿ ದಿನವಿಡೀ ಡಾಕ್ಟರ ಕೈಗೆ ಕತ್ತರಿ ಚಿಮಟ ಕೊಡುವ ಸಿಸ್ಟರ್ ನಾನು. ರಿಂಗಾಗುತ್ತಿದೆ, ಆಗುತ್ತಲೇ ಇದೆ, ನಿಂತಿತು. ಎತ್ತುವುದಿಲ್ಲ. ಓಡಿಸುವಾಗ ಅವರು ಫೋನು ಮುಟ್ಟುವವರೇ ಅಲ್ಲ, ಡ್ರೈವರ್ ಸೀಟಿನಲ್ಲಿ ಕೂತರೆ ಸದ್ದು ಆರಿಸಿ ಎಲ್ಲಾದರೂ ಕಣ್ಣಿಗೆ ಕಾಣದ ಕಡೆ ಹಾಕುತ್ತಾರೆ, ನಾನು ಹೆರಿಗೆ ನೋವು ತಿಂದ ದಿನವೂ ಹಾಗೇ, ಕೊನೇ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿದ ಮೇಲೆಯೇ ಮಗಳು ಹುಟ್ಟಿದ ಸುದ್ದಿ ತಿಳಿದದ್ದು, ಆ ನಿಯಮಕ್ಕೆ ಆಮೇಲೆ ನಾನೇ ಎಷ್ಟು ಸಲ ಎಲ್ಲರ ಮುಂದೆ ಹೆಮ್ಮೆಪಟ್ಟಿಲ್ಲ, ಹಾಳಾದ ನಿಯಮ, ಒಂದು ಸಲ ಮುರೀರಿ, ನಿಮ್ಮ ದಮ್ಮಯ್ಯ, ಒಂದೇ ಸಲ. ಅತ್ತೆಯ ಫೋನಿಗೆ ಮಾಡಿದೆ, ಅದು ಒಳಕೋಣೆಯ ಕಪಾಟಿನೊಳಗೆ ಸೀರೆಗಳ ಮಧ್ಯೆ ಹಾಡತೊಡಗಿತು, ಸುಮ್ನೆ ಬ್ಯಾಟರಿ ಯಾಕೆ ಖರ್ಚು, ಅವನ ಹತ್ರ ಒಂದು ಇದೆಯಲ್ಲ ಅಂತ ಬಿಟ್ಟು ಹೋಗಿದ್ದಾರೆ. ಖಾಲಿ ಮನೆಯಲ್ಲಿ ಕಪಾಟು ಹಾಡುವುದನ್ನು ಕೇಳುತ್ತಾ ನಿಂತೆ, ಕತ್ತರಿಸಲು ಕೂಡ ತೋಚಲಿಲ್ಲ.

ತಾಳು, ತಾಳು, ನೆನಪು ಮಾಡಿಕೋ, ಒಂದೊಂದಾಗಿ, ಆಪರೇಷನ್ನಿನ ಮೊದಲಿನಿಂದ ಕೊನೆಯವರೆಗೆ. ಅಂಗಳದಲ್ಲಿ ಕಾರು ಜಾಕಿನ ಮೇಲೆ, ಕೆಳಗೆ ಗಟ್ಟಿ ಸ್ಟ್ಯಾಂಡು, ಚಕ್ರ ಪಕ್ಕಕ್ಕೆ, ನನ್ನ ಬಲಗೈ ಹತ್ತಿರ ಸ್ಟೂಲು, ಸ್ಟೂಲಿನ ಮೇಲೆ ಅಗಲವಾದ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಬಿಳೀ ಬಟ್ಟೆ ಹಾಸಿ, ಥಿಯೇಟರಿನಲ್ಲಿ ಟ್ರಾಲಿ ಜೋಡಿಸುವ ಹಾಗೆಯೇ, ಹೊಸದು ಬಲಕ್ಕೆ, ಬಳಸಿದ್ದು ಎಡಕ್ಕೆ, ನನ್ನ ಜೀವನ ಪೂರ್ತಿ ಇದೊಂದೇ ಶಾಸ್ತ್ರ, ಫ್ರಿಜ್ಜಿನಲ್ಲೂ ಹೀಗೇ, ಬಟ್ಟೆಯ ಕಪಾಟಿನಲ್ಲೂ ಹೀಗೇ, ಅದಕ್ಕೇ ಗಂಡ ಆಡಿಕೊಳ್ಳುವುದು, ನನ್ನನ್ನ ಯಾವ ಕಡೆ ಇಟ್ಟಿದೀಯ ಕಣೇ, ಎಡಕ್ಕೇ ರೀ, ಬಳಸಿ ಬಳಸಿ ಸವೆದಿದೀರಲ್ಲ. ಹೊಸ ಬೇರಿಂಗು ಹಿಂದಿನ ದಿನವೇ ಫ್ರೀಜರಿನಲ್ಲಿ, ತಣ್ಣಗಾದರೆ ಕೂದಲೆಳೆಯಷ್ಟು ಕುಗ್ಗುತ್ತದೆ, ಸಲೀಸಾಗಿ ಕೂರುತ್ತದೆ, ಬೆಳಿಗ್ಗೆ ಅದನ್ನು ಕಂಡ ಅತ್ತೆ, ಏನಮ್ಮಾ ಇದು ಬಟಾಣಿ ಪಕ್ಕ ಕಬ್ಬಿಣ, ಇದನ್ನ ಎಷ್ಟು ಹೊತ್ತು ಬೇಯಿಸ್ಬೇಕು. ಬೇರಿಂಗು ಕೂರುವ ಗೂಡಿಗೆ ತಲೆಗೂದಲು ಒಣಗಿಸುವ ಯಂತ್ರದಿಂದ ಬಿಸಿ ಕೊಟ್ಟು, ಹೊರಬಳೆಯ ಮೇಲೆ ಮಾತ್ರ ಒತ್ತಡ ಬೀಳುವ ಹಾಗೆ ಬಿಲ್ಲೆ ಇಟ್ಟು, ಉದ್ದನೆಯ ಬೋಲ್ಟಿನಿಂದ ಎಳೆಯುತ್ತಾ ಎಳೆಯುತ್ತಾ, ಸ್ವಲ್ಪ ಓರೆಯಾದರೂ ಕೆಲಸ ಕೆಟ್ಟಿತು, ಉಸಿರು ಬಿಗಿಹಿಡಿದು, ಇಡೀ ಜೀವ ಆ ಗೂಡಿನೊಳಗೆ, ಆಗಲೇ ಅಲ್ಲವೇ ಅತ್ತೆ ಬಂದದ್ದು, ಬೆನ್ನ ಹಿಂದೆ, ಅಯ್ಯಯ್ಯೋ ನನ್ನ ಒಳ್ಳೇ ತಟ್ಟೆ, ಜಿಡ್ಡು ಹತ್ತಿಸಿಟ್ಟಿದೀಯಲ್ಲಮ್ಮಾ, ಆ ತಟ್ಟೆ ಅವರದು, ಅವರ ತಾಯಿಯ ಮನೆಯದು, ನಾನು ಕೇಳದೆ ತೆಗೆದುಕೊಂಡದ್ದು. ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಲ್ಲಿಯ ಸದ್ದು. ತಿಕ್ಕುವ ಸದ್ದು. ಕೇಳಿಸಿತ್ತು ನನಗೆ, ಕೇಳಿಸಿಕೊಳ್ಳಲಿಲ್ಲ. ಮತ್ತೆ ಬಂದು ಹಿಂದೆಯೇ ನಿಂತರು, ನಟ್ಟು ಎರಡಿದೆಯಲ್ಲಮ್ಮಾ, ಯಾವುದನ್ನ ಯಾವ ಕಡೆ ಇಡ್ಲಿ. ನಾನು ತಲೆ ಕೂಡ ಎತ್ತದೆ, ಎಲ್ಲಾದ್ರೂ ಇಡಿ ಅತ್ತೆ, ಸ್ವಲ್ಪ ಸುಮ್ನಿರಿ, ಈಗ ಕೈ ಬಿಡೋ ಹಾಗಿಲ್ಲ. ಎಲ್ಲಾದರೂ ಇಡಿ ಅಂದೆ. ನನ್ನ ಬಾಯಿಂದಲೇ ಬಂದ ಮಾತು. ಆಮೇಲೆ ಬೇರಿಂಗು ಕೂತಿತು, ಹಬ್ ಕೂತಿತು, ಒಳಗಿನಿಂದ ಆಕ್ಸಲಿನ ಮೂತಿ ಹೊರಬಂತು, ನಾನು ಹಿಂದೆ ನೋಡದೆ ಬಲಗೈ ಚಾಚಿದೆ, ತಟ್ಟೆಯ ಬಲಗಡೆ ಬೆರಳಿಗೆ ಸಿಕ್ಕಿದ ನಟ್ಟನ್ನು ತಂದು ಹಾಕಿದೆ.

ನೋಡದೆ. ಯಾಕೆ ನೋಡಬೇಕು, ನನ್ನ ಟ್ರಾಲಿಯನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಿದರೆ ನಾನು ಸುಮ್ಮನೆ ಬಿಡುವುದಿಲ್ಲ, ಹೊಸ ಡಾಕ್ಟರೊಬ್ಬ ಒಮ್ಮೆ ಕತ್ತರಿಯನ್ನು ತಾನೇ ಎತ್ತಿಕೊಳ್ಳಲು ಹೋಗಿ ಬೈಸಿಕೊಂಡದ್ದು ಇನ್ನೂ ಆಸ್ಪತ್ರೆಯಲ್ಲಿ ಕಥೆ, ದೊಡ್ಡ ಡಾಕ್ಟರು ಮಾಸ್ಕಿನೊಳಗೇ ನಕ್ಕಿದ್ದರು, ಅವರ ತಂಟೆಗೆ ಹೋಗ್ಬೇಡಪ್ಪಾ, ಸಿಸ್ಟರ್ ಕೈಗೇ ಕಣ್ಣಿದೆ. ಕೈಗೆ ಕಣ್ಣಿದೆಯಂತೆ. ಇಷ್ಟು ವರ್ಷ ಅದನ್ನು ನಂಬಿಕೊಂಡು ಬಂದೆ, ಬಲಗಡೆಯಿಂದ ಬಂದದ್ದು ಹೊಸದು, ಪ್ರಶ್ನೆಯೇ ಇಲ್ಲ, ವಸ್ತುವನ್ನಲ್ಲ ಜಾಗವನ್ನು ನಂಬಿದೆ, ಹೊಲಿಗೆ ಹಾಕುವ ಮುನ್ನ ಪ್ರತಿಯೊಂದನ್ನೂ ಎಣಿಸಿ ನೋಡಿ ಜೋರಾಗಿ ಹೇಳುವವಳು ಮನೆಯ ಅಂಗಳದಲ್ಲಿ ಎಣಿಸಲಿಲ್ಲ, ನೋಡಲಿಲ್ಲ, ಹೇಳಲಿಲ್ಲ, ಯಾಕೆಂದರೆ ಅಲ್ಲಿ ಮಲಗಿದ್ದದ್ದು ರೋಗಿಯಲ್ಲ, ಕಾರು. ಮೂರ್ಖಿ. ರೋಗಿಗಳು ಅದರೊಳಗೆ ಕೂತು ಹೋಗುವವರಿದ್ದರು. ಅತ್ತೆಯ ತಂಗಿ, ಚಿಕ್ಕತ್ತೆಯ ಮನೆಗೆ ಫೋನು ಮಾಡಿ ನೋಡೋಣ, ಹಲೋ ಚಿಕ್ಕತ್ತೆ ಅವರು ಬಂದ್ರಾ, ಇಲ್ಲಮ್ಮಾ ಇನ್ನೂ ಇಲ್ಲ, ಬರ್ತಾರೆ ಬಿಡು, ಆ ಗಾಡೀಲಿ ಹಾರ್ಕೊಂಡ್ ಬಂದ್ಬಿಡ್ತಾರೆ, ಅಂದ ಹಾಗೆ ನಿನ್ನ ಧ್ವನಿ ಯಾಕೆ ಹೀಗಿದೆ, ನೆಗಡೀನಾ, ಹೂಂ ಚಿಕ್ಕತ್ತೆ ನೆಗಡಿ. ಹಾರಿಕೊಂಡು ಬರುತ್ತಾರಂತೆ, ಬಿಡ್ತು ಅನ್ನಿ. ಸ್ಕೂಟರಿನ ಕೀಲಿ ತೆಗೆದುಕೊಂಡೆ, ಬಾಗಿಲವರೆಗೆ ಹೋದೆ, ಎಷ್ಟೇ ನಿಧಾನಪ್ಪನಾದರೂ ಇಷ್ಟು ಹೊತ್ತಿಗೆ ಏರು ದಾರಿ ಹಿಡಿದಿರುತ್ತಾರೆ, ಈ ಸ್ಕೂಟರಿನಲ್ಲಿ ಹಿಂದೆ ಬಿದ್ದರೆ ಅವರು ಇಳಿದ ಮೇಲೆ ನಾನು ಏರುತ್ತಿರುತ್ತೇನೆ, ದಾರಿಯಲ್ಲಿ ಫೋನು ಬಂದರೆ ನನಗೆ ಕೇಳಿಸುವುದೂ ಇಲ್ಲ, ಮತ್ತೆ ಒಳಗೆ ಬಂದೆ, ಮತ್ತೆ ಅವರ ನಂಬರು, ರಿಂಗು, ರಿಂಗು, ನಿಂತಿತು. ಒಲೆ ಆರಿಸಿದೆ, ಪಾತ್ರೆಯ ತಳ ಸೀದುಹೋಗಿದೆ, ಅತ್ತೆ ಬಂದು ಬೈಯುತ್ತಾರೆ, ಬೈಯಲಿ, ಬಂದು ಬೈಯಲಿ, ಅವರ ಬಾಯಿಂದ ಬೈಸಿಕೊಳ್ಳಬೇಕು ನಾನು, ಸಾಯಂಕಾಲ ಈ ಬಾಗಿಲಲ್ಲಿ ನಿಂತು, ಪಾತ್ರೆ ಸುಟ್ಟವಳೇ ಎಂದು. ನನಗೆ ಭಯವಾಗುತ್ತಿದೆ. ಮಗಳು ಓದಲು ಬೇರೆ ಊರಿನಲ್ಲಿ, ಅವರಿಬ್ಬರನ್ನು ಬಿಟ್ಟು ಈ ಮನೆಯಲ್ಲಿ ನನಗೆ ಯಾರಿದ್ದಾರೆ.

ಬೆರಳು ಏನು ಹೇಳುತ್ತದೆ, ಕೈಗೆ ಕಣ್ಣಿದ್ದರೆ ನೆನಪೂ ಇರಬೇಕಲ್ಲ, ನಟ್ಟನ್ನು ಆಕ್ಸಲಿನ ಮೂತಿಗೆ ಇಟ್ಟು ತಿರುಗಿಸಿದಾಗ ಹೇಗಿತ್ತು, ಸಲೀಸಾಗಿ ಜಾರಿತೇ ತಡೆದು ತಡೆದು ಹೋಯಿತೇ, ಮೊದಲ ಸುತ್ತು ನೆನಪಿದೆ, ಎರಡನೆಯದು — ಗ್ಲೌಸು ಹಾಕಿಕೊಂಡಿದ್ದೆ, ಆಸ್ಪತ್ರೆಯ ತೆಳು ಗ್ಲೌಸು, ಅದರ ಮೇಲೆ ಜಿಡ್ಡು, ಬೆರಳಿಗೆ ಏನೂ ಗೊತ್ತಾಗಿಲ್ಲ, ಎರಡು ಸುತ್ತಿನ ಮೇಲೆ ಪಾನಾಕ್ಕೆ ಕೊಟ್ಟುಬಿಟ್ಟೆ, ಅತ್ತೆ ಊಟಕ್ಕೆ ಕರೆಯುತ್ತಿದ್ದರು, ಆರಿಹೋಗುತ್ತೆ ಬಾರಮ್ಮಾ, ಗಾಡಿ ಎಲ್ಲಿಗೂ ಓಡಿಹೋಗಲ್ಲ. ಚಕ್ರ ಹಾಕಿ, ಕೆಳಗಿಳಿಸಿ, ಅಳತೆಯ ಬಿಗಿತಕ್ಕೆ ಬಂದಾಗ ಟಕ್ಕೆನ್ನುವ ಆ ದೊಡ್ಡ ಪಾನಾ ಡಿಪೋದಿಂದ ಎರವಲು ತಂದದ್ದು, ಅದು ಟಕ್ ಎಂದಿತು, ನನಗೆ ಸಮಾಧಾನವಾಯಿತು, ಹಳೆಯದಾದರೂ ಅದು ಟಕ್ ಎನ್ನುತ್ತದೆ, ಚೆನ್ನಾಗೇ ಬಿಗಿಯಾಗುತ್ತೆ ಅಂದಿದ್ದರಲ್ಲ ಅಂಗಡಿಯವರು, ಮೊದ್ಲು ಏನೂ ಗೊತ್ತಾಗಲ್ಲ. ಕೈಯಲ್ಲಿರುವ ಇದಾದರೂ ಏನಾದರೂ ಹೇಳುತ್ತದೆಯೇ, ಮೈಮೇಲೆ ಗೀರುಗಳಿವೆ, ಪಾನಾದ ಗೀರೋ ಉಕ್ಕಿನ ನಾರಿನ ಗೀರೋ, ಒಳಗಿನ ತಿರುಪಿನ ಸುತ್ತುಗಳು ಫಳಫಳ, ಸೋಪಿನ ಒಂದು ಬಿಳೀ ಗೆರೆ ಒಣಗಿ ನಿಂತಿದೆ. ಬಾಯಿ. ಬಾಯಿ ಅಂತ ಏನೋ ಹೇಳಿದ್ದರು. ಏನು ಬಾಯಿ. ಗಿರಾಕಿ ಬಿಲ್ಲು ಚಾಚುತ್ತಿದ್ದ, ಅಂಗಡಿಯವರು ಕಾಗದ ಸುತ್ತುತ್ತಾ, ಹೊಸದರ ಬಾಯಿ ಸ್ವಲ್ಪ ಅಮುಕಿರುತ್ತೆ ಮೇಡಂ, ಗುಂಡಗಿರಲ್ಲ, ಬೇಕೂಂತಲೇ ಹಾಗೆ ಮಾಡಿರ್ತಾರೆ, ಆ ಸೊಟ್ಟೇ ಅದರ ಹಿಡಿತ, ಒಂದು ಸಲ ಬಿಗಿದು ಬಿಚ್ಚಿದ್ರೆ ಗುಂಡಗಾಗುತ್ತೆ, ಹಿಡಿತ ಹೋಯ್ತು. ಹೌದು. ಹೀಗೇ ಹೇಳಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನೋಡಬೇಕು, ನೋಡಲು ಧೈರ್ಯವಿಲ್ಲ, ಗುಂಡಗಿದ್ದರೆ ಇದು ಹಳೆಯದು, ಎಲ್ಲ ಸರಿ, ಟೀ ಮಾಡಿಕೊಂಡು ಮಲಗುತ್ತೇನೆ, ಗುಂಡಗಿರಲಿ, ಗುಂಡಗಿರಲಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ, ಒಂದು ಕಣ್ಣು ಮುಚ್ಚಿ, ತೂತಿನ ಆಚೆ ಗೇಟು, ಗೇಟಿನ ಆಚೆ ಖಾಲಿ ತಿರುವು, ಸುತ್ತ ಆ ಬಾಯಿ. ಗುಂಡಗಿದೆಯಲ್ಲ. ಇದೆಯೇ. ಬೆರಳಿನ ಉಂಗುರ ಕಳಚಿ ಪಕ್ಕಕ್ಕೆ ಹಿಡಿದೆ, ಉಂಗುರ ಗುಂಡಗೆ, ನಟ್ಟು — ಒಂದು ಬದಿಯಲ್ಲಿ ಚೂರೇ ಚೂರು ಒಳಕ್ಕೆ ಅಮುಕಿದೆ, ಸೊಟ್ಟ, ಸೊಟ್ಟ ಬಾಯಿ, ತಿರುಗಿಸಿ ಹಿಡಿದೆ, ಸೊಟ್ಟವೂ ಜೊತೆಗೆ ತಿರುಗಿತು. ಹೊಸದು ನನ್ನ ಕೈಯಲ್ಲಿದೆ.

ಸುಳ್ಳಿರಬಹುದು, ಕನ್ನಡಕ ಹಾಕಿಲ್ಲ, ಅತ್ತೆ ತಿಕ್ಕುವಾಗ ಬೀಳಿಸಿ ಸೊಟ್ಟಗಾಗಿರಬಹುದು, ಆಕ್ಸಲಿನ ನಟ್ಟು ನೆಲಕ್ಕೆ ಬಿದ್ದರೆ ನೆಲ ಸೊಟ್ಟಗಾಗುತ್ತದೆ, ನಟ್ಟಲ್ಲ, ಸುಮ್ಮನೆ ನನಗೆ ನಾನೇ ಏನೇನೋ ಹೇಳಿಕೊಳ್ಳುತ್ತಿದ್ದೇನೆ. ಮತ್ತೆ ನಂಬರು ಒತ್ತಿದೆ. ರಿಂಗು. ಈಗ ನೆತ್ತಿ ದಾಟಿರಬಹುದು, ಇಳುಕಲು ಶುರುವಾಗಿರಬಹುದು, ಪ್ರತಿ ತಿರುವಿನಲ್ಲೂ ಕಾರಿನ ಭಾರ ಆ ಒಂದು ಚಕ್ರದ ಮೇಲೆ ವಾಲುತ್ತಿರಬಹುದು, ಪ್ರತಿ ಸಲ ವಾಲಿದಾಗಲೂ ನಟ್ಟು ಒಂದಿಷ್ಟು, ಕಣ್ಣಿಗೆ ಕಾಣದಷ್ಟು, ಸಡಿಲವಾಗುತ್ತಿರಬಹುದು, ಅತ್ತೆ ಏನೋ ಕಥೆ ಹೇಳುತ್ತಿರುತ್ತಾರೆ, ಇವರು ಹೂಂ ಅನ್ನುತ್ತಿರುತ್ತಾರೆ, ರಿಂಗು, ಬೇರಿಂಗು ಬದಲಾಯಿಸೋಣ ಎಂದು ಹಟ ಹಿಡಿದವಳು ನಾನೇ, ಆ ಗುಂಯ್ ಸದ್ದಿಗೆ ನಿದ್ದೆ ಬರಲ್ಲ ರೀ ಅಂದವಳು, ಗುಂಯ್ ಎಂದುಕೊಂಡೇ ಇನ್ನೂ ಒಂದು ವರ್ಷ ಓಡುತ್ತಿತ್ತೇನೋ, ರಿಂಗು, ಯಾವ ಚೀಲದಲ್ಲಿ ಯಾವ ಮೂಲೆಯಲ್ಲಿದೆಯೋ ಆ ಫೋನು — ರಿಂಗು ನಿಂತಿತು, ಗಾಳಿ, ಬರೀ ಗಾಳಿ, ಭೋರ್ರೆನ್ನುವ ಗಾಳಿಯೊಳಗಿಂದ, ಹಲೋ, ಯಾರು, ಯಾರಿದು. ಅತ್ತೆ! ಅತ್ತೆ ನಾನು. ಓ ನೀನಾ, ಅವನು ಓಡಿಸ್ತಿದಾನಮ್ಮಾ, ಈ ಡಬ್ಬೀನ ನನ್ನ ಚೀಲಕ್ಕೆ ಹಾಕಿದ್ದ, ಕನ್ನಡಕ ತೆಗೆಯೋಣ ಅಂತ ಕೈ ಹಾಕಿದ್ರೆ ಬೆಳಕು ಬರ್ತಿತ್ತು, ಏನು ಚೆನ್ನಾಗಿದೆ ಗೊತ್ತಾ ಈ ಗಾಡಿ, ಉಯ್ಯಾಲೇಲಿ ಕೂತ ಹಾಗಾಗುತ್ತೆ ತಿರುವಲ್ಲಿ. ಅತ್ತೆ ನಿಲ್ಲಿಸೋಕೆ ಹೇಳಿ. ಏನು? ಗಾಳಿ ಕಣಮ್ಮಾ, ಜೋರಾಗಿ ಹೇಳು. ಅತ್ತೆ ನಟ್ಟು, ಕಿಟಕಿ ಹತ್ರ ಇಟ್ಟಿದೀರಲ್ಲ ಆ ನಟ್ಟು. ಅದಾ, ಅದು ಹಳೇದು, ಎಸೆದ್ಬಿಡು, ಬಾಯಿ ಸೊಟ್ಟ ಆಗ್ಹೋಗಿದೆ ನೋಡು, ನಾನೇ ಬೆಳಕಿಗೆ ಹಿಡಿದು ನೋಡಿದೆ, ಗುಂಡಗೆ ಲಕ್ಷಣವಾಗಿತ್ತಲ್ಲ ಆ ಹೊಸದು, ಅದನ್ನ ನಿನ್ನ ಬಲಗಡೆಗೇ ಇಟ್ಟೆ, ಹೊಸದು ಬಲಕ್ಕೆ ಅಂತ ನೀನೇ ದಿನಾ ಬಡ್ಕೋತೀಯಲ್ಲ, ನೀನು ಎಲ್ಲಾದ್ರೂ ಇಡಿ ಅಂದ್ರೆ ನಾನು ಎಲ್ಲಾದ್ರೂ ಇಟ್ಬಿಡ್ತೀನಾ.

ನಿಲ್ಲಿಸಿ, ಗಾಡಿ ನಿಲ್ಲಿಸೋಕೆ ಹೇಳಿ ಅತ್ತೆ, ಈಗಲೇ, ಅಲ್ಲೇ, ಕೂಗಿದೆ, ಪಕ್ಕದ ಮನೆಯ ಕಿಟಕಿ ತೆರೆಯಿತು, ತೆರೆಯಲಿ, ನಿಲ್ಲಿಸೋಕೆ ಹೇಳಿ ಅತ್ತೆ, ಆಚೆಯಿಂದ ಅತ್ತೆ ಗಾಳಿಯ ಕಡೆ ತಿರುಗಿ ಏನೋ ಹೇಳಿದರು, ಇವರ ಧ್ವನಿ ಏನೋ ಕೇಳಿತು, ಆಮೇಲೆ ಗಾಳಿ, ಗಾಳಿಯೊಳಗೆ ಸಣ್ಣದಾಗಿ, ಟಿಕ್. ಟಿಕ್ ಟಿಕ್ ಟಿಕ್. ಟಿಕ್ ಅಂತ ಶುರುವಾಗುತ್ತೆ ಅಂದಿದ್ದರು. ಇಲ್ಲ, ಇದು ಇಂಡಿಕೇಟರ್, ಅವರು ಬದಿಗೆ ಎಳೆಯುತ್ತಿದ್ದಾರೆ, ಇಂಡಿಕೇಟರ್ ಹಾಕದೆ ಸ್ಟೇರಿಂಗ್ ಮುಟ್ಟದವರು, ಬೆಟ್ಟವೇ ಮೈಮೇಲೆ ಬಿದ್ದರೂ ಮೊದಲು ಇಂಡಿಕೇಟರ್ ಹಾಕಿ ಆಮೇಲೆ ಓಡುವವರು, ಅದೇ, ಇಲ್ಲಾ ನಟ್ಟೋ, ಯಾವುದು, ಕೇಳು, ಸರಿಯಾಗಿ ಕೇಳು, ಕೈ ಕೆಟ್ಟಿತು, ಕಿವಿಯಾದರೂ ಇದೆಯಲ್ಲ, ಚಕ್ರದ ಸದ್ದಾದರೆ ಕಾರು ನಿಧಾನವಾದಂತೆ ಅದೂ ನಿಧಾನವಾಗಬೇಕು, ಇಂಡಿಕೇಟರಾದರೆ ಒಂದೇ ಸಮ, ಟಿಕ್ ಟ — ಗಾಳಿ ಇಳಿಯುತ್ತಿದೆ, ಭೋರ್ಗರೆತ ಹೋಗಿ ಸುಯ್ ಎನ್ನುತ್ತಿದೆ, ಟಿಕ್ ಟಿಕ್, ನಿಧಾನವಾಯಿತೇ, ಇಲ್ಲ, ಆಯಿತೇ, ಚಕ್ರದ ಕೆಳಗೆ ಜಲ್ಲಿಕಲ್ಲು ಕರಕರ, ಟಿಕ್ ಟಿಕ್ ಟಿಕ್, ಗಾಳಿಯೇ ಇಲ್ಲ ಈಗ, ಎಲ್ಲೋ ಒಂದು ಹಕ್ಕಿ, ಟಿಕ್ ಟಿಕ್ ಟಿಕ್, ಒಂದೇ ಸಮ, ಮೊದಲಿನಷ್ಟೇ ಬೇಗ, ಒಂದೇ ಸಮ. ನಿಲ್ಸಿದಾನಮ್ಮಾ, ಅತ್ತೆಯ ಧ್ವನಿ ಸ್ಪಷ್ಟವಾಗಿ, ಕಿವಿಯ ಪಕ್ಕದಲ್ಲೇ ಕೂತಂತೆ, ನಿಲ್ಸಿದಾನೆ, ಏನಾಯ್ತು, ಯಾಕಮ್ಮಾ ಹೀಗೆ ಕೂಗ್ತಿದೀಯ, ಪಕ್ಕದಿಂದ ಗಂಡ, ಏನಂತೆ, ಕೇಳಮ್ಮಾ ಏನಂತೆ, ಹಲೋ, ಇದ್ದೀಯಾ, ಮಾತಾಡಮ್ಮಾ, ಗಾಡಿ ಅಲ್ಲೇ ಇರ್ಲಿ ಅತ್ತೆ, ಇನ್ನು ಒಂದಡಿಯೂ ಓಡಿಸೋದು ಬೇಡ, ಚಕ್ರದಲ್ಲಿರೋದು ಹಳೇ ನಟ್ಟು, ಹೊಸದು ಇಲ್ಲಿ ನನ್ನ ಕೈಯಲ್ಲಿದೆ, ಟಿಕ್ ಟಿಕ್ ಟಿಕ್, ಅಂಗೈಯಲ್ಲಿ ನಟ್ಟು ಬೆವರಿಗೆ ಒದ್ದೆಯಾಗಿದೆ, ಬಲಗೈ, ಹೊಸದು ಬಲಕ್ಕೆ, ಸೋಪಿನ ವಾಸನೆ, ಆ ಸೊಟ್ಟ ಬಾಯಿ, ಸೊಟ್ಟ ಬಾಯಿ —